ಕಾಲೇಜು ಪ್ರವೇಶದಲ್ಲಿ ಮೀಸಲಾತಿ: ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು

ಕಾಲೇಜು ಪ್ರವೇಶದಲ್ಲಿ ಮೀಸಲಾತಿ ಎಂದರೆ ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ಸಮುದಾಯಗಳ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದ ಸೀಟುಗಳಲ್ಲಿ ನಿಗದಿತ ಪಾಲನ್ನು ಕಾಯ್ದಿಡುವ ವ್ಯವಸ್ಥೆ. ಕರ್ನಾಟಕದಲ್ಲಿ ಜಾತಿಯ ಜೊತೆಗೆ ವಾಸಸ್ಥಳ, ಕಲಿಕೆಯ ಮಾಧ್ಯಮ ಮತ್ತು ಕುಟುಂಬದ ಆದಾಯವೂ ಇದರ ಲೆಕ್ಕಕ್ಕೆ ಬರುತ್ತವೆ. ಈ ಲೇಖನ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳನ್ನು ಮುಂದಿಟ್ಟುಕೊಂಡು ಈ ವ್ಯವಸ್ಥೆಯ ಇತಿಹಾಸ, ಈಗಿನ ಸ್ವರೂಪ, ನಡೆಯುವ ಬಗೆ ಮತ್ತು ವಿವಾದಗಳನ್ನು ವಿವರಿಸುತ್ತದೆ. ರಾಜ್ಯದ ಮೀಸಲಾತಿ ಇತಿಹಾಸದ ಮೂರು ಮುಖ್ಯ ತಿರುವುಗಳಿಗೆ ಈ ಸೀಮೆಯ ನಂಟಿದೆ. 1962ರ ಆದೇಶ ಹೊರಡಿಸಿದ ಸರ್ಕಾರದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ 1967ರಲ್ಲಿ ಶಿಗ್ಗಾವಿಯಿಂದ ವಿಧಾನಸಭೆಗೆ ಆರಿಸಿ ಬಂದರು. 1972ರ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷ ಎಲ್.ಜಿ. ಹಾವನೂರು ಪಕ್ಕದ ರಾಣೇಬೆನ್ನೂರಿನವರು. 2022–23ರ ಬದಲಾವಣೆಗಳು ನಡೆದಾಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಆಗ ಶಿಗ್ಗಾವಿಯ ಶಾಸಕರಾಗಿದ್ದರು.

ಪ್ರದೇಶ

ನಾಲ್ಕೂ ತಾಲೂಕುಗಳು ಮೊದಲು ಧಾರವಾಡ ಜಿಲ್ಲೆಯಲ್ಲಿದ್ದವು. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿದವು. ಹಿರೇಕೆರೂರಿನ ಒಂದು ಭಾಗ ಮುಂದೆ ರಟ್ಟೀಹಳ್ಳಿ ತಾಲೂಕಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 15.98 ಲಕ್ಷ, ಸಾಕ್ಷರತೆ ಶೇ 77.4, ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದಾರೆ. ಗೋವಿನಜೋಳ, ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಯುವ ಒಕ್ಕಲುತನದ ನಾಡು ಇದು. ಲಿಂಗಾಯತರು, ಕುರುಬರು, ಮುಸ್ಲಿಮರು, ಗಂಗಾಮತಸ್ಥರು, ವಾಲ್ಮೀಕಿ ನಾಯಕರು, ಮಾದಿಗರು, ಛಲವಾದಿಗಳು, ಲಂಬಾಣಿಗಳು, ಭೋವಿಗಳು ಇಲ್ಲಿನ ಪ್ರಮುಖ ಸಮುದಾಯಗಳು. ಕನಕದಾಸರ ಬಾಡ ಮತ್ತು ಶರೀಫರ ಶಿಶುನಾಳ ಎರಡೂ ಶಿಗ್ಗಾವಿ ತಾಲೂಕಿನಲ್ಲಿವೆ.

ಉನ್ನತ ಶಿಕ್ಷಣಕ್ಕೆ ಈ ಸೀಮೆ ಬಹುಕಾಲ ಧಾರವಾಡ, ಹುಬ್ಬಳ್ಳಿ, ದಾವಣಗೆರೆಗಳನ್ನೇ ನಂಬಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮುಂಚೆ ಪದವಿ ಓದಬೇಕೆಂದರೆ ಪುಣೆ, ಮುಂಬಯಿಯ ಹಾದಿ ಹಿಡಿಯಬೇಕಿತ್ತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರಲ್ಲಿ ಬಂದವು. ಜಿಲ್ಲೆಯೊಳಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಶಿಗ್ಗಾವಿ ತಾಲೂಕಿನ ಗೋಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ, ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಹಾವೇರಿ ವಿಶ್ವವಿದ್ಯಾಲಯ ಇವೆಲ್ಲ 2000ದ ನಂತರದವು.

1956ಕ್ಕೆ ಮುಂಚಿನ ಹಿನ್ನೆಲೆ

ಕರ್ನಾಟಕದ ಮೀಸಲಾತಿ ಚರಿತ್ರೆಯನ್ನು ಸಾಮಾನ್ಯವಾಗಿ ಮೈಸೂರು ಸಂಸ್ಥಾನದಿಂದ ಆರಂಭಿಸುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯ ಶಿಫಾರಸಿನ ಮೇಲೆ 1921ರಲ್ಲಿ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಆದೇಶ ಹೊರಟಿತು. ಈ ಆದೇಶ ತುಂಗಭದ್ರೆಯ ಈಚೆ ದಡಕ್ಕೆ ಅನ್ವಯಿಸಲಿಲ್ಲ. ಹಾನಗಲ್, ಶಿಗ್ಗಾವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದಲ್ಲಿದ್ದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು.

ಮುಂಬಯಿ ಕರ್ನಾಟಕಕ್ಕೆ ಹತ್ತಿರದ ಮಾದರಿ ಎಂದರೆ ಕೊಲ್ಹಾಪುರ. ಅಲ್ಲಿ ಶಾಹು ಮಹಾರಾಜರು 1902ರಲ್ಲೇ ಅರ್ಧದಷ್ಟು ನೌಕರಿಗಳನ್ನು ಹಿಂದುಳಿದವರಿಗೆ ಕಾಯ್ದಿರಿಸಿದ್ದರು. ಮುಂಬಯಿ ಸರ್ಕಾರ 1928ರಲ್ಲಿ ಸ್ಟಾರ್ಟ್ ಸಮಿತಿಯನ್ನು ನೇಮಿಸಿತು. ಡಾ. ಅಂಬೇಡ್ಕರ್ ಅದರ ಸದಸ್ಯರಲ್ಲೊಬ್ಬರು. 1930ರ ಅದರ ವರದಿ ಅಸ್ಪೃಶ್ಯರು, ಗುಡ್ಡಗಾಡಿನವರು ಮತ್ತು ಇತರ ಹಿಂದುಳಿದವರು ಎಂಬ ವಿಂಗಡಣೆ ಮಾಡಿ, ವಿದ್ಯಾರ್ಥಿವೇತನ ಮತ್ತು ವಸತಿ ನಿಲಯಗಳಿಗೆ ಒತ್ತು ಕೊಟ್ಟಿತು.

ಸರ್ಕಾರದ ನೆರವಿಗಿಂತ ಮೊದಲೇ ಸಮುದಾಯಗಳು ತಮ್ಮ ಮಕ್ಕಳ ಓದಿಗೆ ದಾರಿ ಮಾಡಿಕೊಳ್ಳತೊಡಗಿದ್ದವು. ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಲಿಂಗಾಯತ ವಿದ್ಯಾರ್ಥಿಗಳಿಗಾಗಿ ನಿಧಿ ಕೂಡಿಸಿದರು. ಹಾನಗಲ್ಲಿನ ಕುಮಾರ ಸ್ವಾಮಿಗಳು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಹುಟ್ಟಿತು. ಮಠದ ಪ್ರಸಾದ ನಿಲಯದಲ್ಲಿ ಉಂಡು ಶಾಲೆ ಕಲಿತವರ ಒಂದು ತಲೆಮಾರು ಈ ಭಾಗದಲ್ಲಿ ಬೆಳೆಯಿತು. ಇಂಥ ಬೆಂಬಲವಿಲ್ಲದ ಸಮುದಾಯಗಳು ಹಿಂದೆಯೇ ಉಳಿದವು. ‘ಯಾರು ಹಿಂದುಳಿದವರು’ ಎಂಬ ಪ್ರಶ್ನೆಗೆ ಮುಂದೆ ಎದ್ದ ಜಗಳದ ಬೇರು ಈ ಅಂತರದಲ್ಲಿದೆ.

1962ರ ಆದೇಶ ಮತ್ತು ಬಾಲಾಜಿ ಪ್ರಕರಣ

ಮದರಾಸಿನ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಲೇಜು ಸೀಟುಗಳ ಜಾತಿವಾರು ಹಂಚಿಕೆಯನ್ನು ರದ್ದುಪಡಿಸಿದ ಮೇಲೆ, 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯಾಗಿ 15(4)ನೆಯ ವಿಧಿ ಸೇರಿತು. ಪ್ರವೇಶ ಮೀಸಲಾತಿಗೆ ಇದೇ ಆಧಾರ.

1956ರಲ್ಲಿ ಕನ್ನಡ ಪ್ರದೇಶಗಳ ಏಕೀಕರಣವಾದ ನಂತರ ಬೇರೆ ಬೇರೆ ಆಡಳಿತಗಳಿಂದ ಬಂದ ಪ್ರದೇಶಗಳಿಗೆ ಒಂದೇ ಪಟ್ಟಿ ಬೇಕಾಯಿತು. 1960ರಲ್ಲಿ ಆರ್. ನಾಗನಗೌಡ ಸಮಿತಿ ನೇಮಕವಾಯಿತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬುದನ್ನು ಅದು ಅಳತೆಗೋಲು ಮಾಡಿಕೊಂಡಿತು. ರಾಜ್ಯದ ಸರಾಸರಿ 6.9 ಇತ್ತು. ಲಿಂಗಾಯತರಲ್ಲಿ 7.1, ಗಾಣಿಗರಲ್ಲಿ 7, ಮುಸ್ಲಿಮರಲ್ಲಿ 5. ಲಿಂಗಾಯತರು ಸಾಮಾಜಿಕವಾಗಿ ಮುಂದುವರಿದವರು ಎಂದು ಸಮಿತಿ ಹೇಳಿದರೂ ಸರ್ಕಾರ ಅವರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿತು.

1962ರ ಜುಲೈ 31ರ ಆದೇಶ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇ 28, ಅತಿ ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ ಶೇ 3, ಒಟ್ಟು ಶೇ 68 ಸೀಟುಗಳನ್ನು ಕಾಯ್ದಿರಿಸಿತು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 28ರಂದು, ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಅವರ ಅಡ್ಡಹೆಸರು ಹಳೆಯ ಧಾರವಾಡ ಜಿಲ್ಲೆಯ ಗಜೇಂದ್ರಗಡದ್ದೇ. ಜಾತಿಯೊಂದೇ ಹಿಂದುಳಿದಿರುವಿಕೆಯ ಗುರುತಾಗಲಾರದು, ಮೀಸಲಾತಿ ಸಾಮಾನ್ಯವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕು, ರಾಜ್ಯದ ಹೆಚ್ಚುಕಡಿಮೆ ಶೇ 90 ಜನರನ್ನು ಹಿಂದುಳಿದವರು ಎನ್ನುವ ಪಟ್ಟಿ ಒಪ್ಪತಕ್ಕದ್ದಲ್ಲ ಎಂಬುದು ತೀರ್ಪಿನ ಸಾರ. ಸರಾಸರಿಯ ಆಸುಪಾಸಿನಲ್ಲಿರುವ ಸಮುದಾಯಗಳನ್ನು ಹಿಂದುಳಿದವರು ಎನ್ನಲಾಗದು, ಸರಾಸರಿಗಿಂತ ಬಹಳ ಕೆಳಗಿರುವವರನ್ನಷ್ಟೇ ಹಾಗೆ ಪರಿಗಣಿಸಬಹುದು ಎಂದೂ ಅದು ಹೇಳಿತು. ದೇಶದಾದ್ಯಂತ ಇಂದಿಗೂ ಉಲ್ಲೇಖವಾಗುವ ಶೇ 50ರ ಮಿತಿಯ ಮಾತು ಮೊದಲು ಬಂದದ್ದು ಈ ಮೈಸೂರು ಪ್ರಕರಣದಲ್ಲಿ.

ಆಮೇಲೆ ಸರ್ಕಾರ ಜಾತಿಯನ್ನು ಬದಿಗಿಟ್ಟು, ವರ್ಷಕ್ಕೆ ರೂ. 1,200ರ ಒಳಗಿನ ಆದಾಯ ಹಾಗೂ ಬೇಸಾಯ, ಕುಶಲಕರ್ಮ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ದೈಹಿಕ ದುಡಿಮೆ ಎಂಬ ಕಸುಬುಗಳನ್ನು ಆಧಾರ ಮಾಡಿಕೊಂಡು ಶೇ 30 ಸೀಟು ಮೀಸಲಿಟ್ಟಿತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಇದಕ್ಕೆ ನ್ಯಾಯಾಲಯದ ಒಪ್ಪಿಗೆ ಸಿಕ್ಕಿತು. ಈ ಅಳತೆಯಲ್ಲಿ ಬೇಸಾಯಗಾರನೆಂದರೆ ಯಾವ ಜಾತಿಯವನೂ ಆಗಬಹುದಿತ್ತು.

ಹಾವನೂರು ಆಯೋಗ

1972ರ ಆಗಸ್ಟಿನಲ್ಲಿ ದೇವರಾಜ ಅರಸು ಸರ್ಕಾರ ವಕೀಲ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ರಾಜ್ಯದ ಮೊದಲ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿತು. ಹಾವನೂರು ಬೇಡ ಸಮುದಾಯದವರು. 1975ರ ನವೆಂಬರಿನಲ್ಲಿ ಸಲ್ಲಿಕೆಯಾದ ವರದಿ ಎಸ್‌ಎಸ್‌ಎಲ್‌ಸಿ ಪಾಸಾದವರ ಪ್ರಮಾಣವನ್ನು ಅಳತೆ ಮಾಡಿಕೊಂಡು, ರಾಜ್ಯದ ಸರಾಸರಿಗಿಂತ ಕೆಳಗಿದ್ದವರನ್ನು ಹಿಂದುಳಿದ ಸಮುದಾಯಗಳೆಂದೂ ಸರಾಸರಿಯ ಅರ್ಧಕ್ಕಿಂತ ಕೆಳಗಿದ್ದವರನ್ನು ಹಿಂದುಳಿದ ಜಾತಿಗಳೆಂದೂ ವಿಂಗಡಿಸಿ, ಹಿಂದುಳಿದ ಬುಡಕಟ್ಟುಗಳನ್ನು ಬೇರೆಯಾಗಿಸಿತು. ಹಿಂದುಳಿದವರೊಳಗೇ ಮೆಟ್ಟಿಲುಗಳಿವೆ, ಮೇಲಿನ ಮೆಟ್ಟಿಲಿನವರು ಕೆಳಗಿನವರ ಪಾಲನ್ನು ನುಂಗಬಾರದು ಎಂಬುದು ಈ ವಿಂಗಡಣೆಯ ತಿರುಳು.

1977ರ ಫೆಬ್ರವರಿ 22ರ ಆದೇಶ ಇದನ್ನು ಮಾರ್ಪಾಡುಗಳೊಂದಿಗೆ ಜಾರಿಗೆ ತಂದಿತು. ಹಿಂದುಳಿದವರಿಗೆ ಒಟ್ಟು ಶೇ 40. ಅದರಲ್ಲಿ ಶೇ 5 ಜಾತಿಭೇದವಿಲ್ಲದೆ ಬಡವರಿಗೆ. ಲಿಂಗಾಯತರು ಪಟ್ಟಿಯಿಂದ ಹೊರಬಿದ್ದರು. ಹಾವೇರಿ ಸೀಮೆಯಲ್ಲಿ ಅವರೇ ದೊಡ್ಡ ಸಮುದಾಯವಾದ್ದರಿಂದ ಇಲ್ಲಿ ಇದರ ಬಿಸಿ ಹೆಚ್ಚು ತಟ್ಟಿತು. ಅದೇ ಹೊತ್ತಿಗೆ ಕುರುಬ, ಗಂಗಾಮತ, ಮಡಿವಾಳ, ಹಡಪದ ಮನೆಗಳ ಮಕ್ಕಳಿಗೆ ಮೊದಲ ಬಾರಿ ವೃತ್ತಿಶಿಕ್ಷಣದ ಬಾಗಿಲು ಅಗಲವಾಗಿ ತೆರೆಯಿತು.

ಅದೇ ವರ್ಷ ಇನ್ನೊಂದು ಬದಲಾವಣೆಯೂ ಆಯಿತು. ಪರಿಶಿಷ್ಟರ ಪಟ್ಟಿಯಲ್ಲಿ ಹಳೆಯ ಪ್ರಾಂತಗಳ ಗಡಿಗಳು ಹಾಗೇ ಉಳಿದಿದ್ದವು. ಹಳೆಯ ಮೈಸೂರಿನಲ್ಲಿ ಪರಿಶಿಷ್ಟ ಜಾತಿ ಎನಿಸಿದ್ದ ಲಂಬಾಣಿಗಳು ಮುಂಬಯಿ ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರಲಿಲ್ಲ. 1976ರ ತಿದ್ದುಪಡಿ ಕಾಯ್ದೆ ಪ್ರದೇಶದ ನಿರ್ಬಂಧವನ್ನು ತೆಗೆದುಹಾಕಿ 1977ರಲ್ಲಿ ಜಾರಿಗೆ ಬಂದ ಮೇಲೆಯೇ ಶಿಗ್ಗಾವಿ, ಸವಣೂರು, ಹಾನಗಲ್ ತಾಲೂಕುಗಳ ತಾಂಡಾಗಳ ಮಕ್ಕಳು ಪರಿಶಿಷ್ಟರ ಸೀಟಿಗೆ ಅರ್ಹರಾದರು. ಹಾವನೂರು ಅವರ ಸ್ವಂತ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 1991ರವರೆಗೆ ಕಾಯಬೇಕಾಯಿತು.

1983ರಿಂದ 1994

1985ರ ವಸಂತಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೀಸಲಾತಿಯ ಮಾನದಂಡಗಳನ್ನು ಮತ್ತೆ ಪರಿಶೀಲಿಸಿತು. 1983ರಲ್ಲಿ ನೇಮಕವಾದ ವೆಂಕಟಸ್ವಾಮಿ ಆಯೋಗ ಒಕ್ಕಲಿಗರನ್ನೂ ಲಿಂಗಾಯತರನ್ನೂ ಪಟ್ಟಿಯಿಂದ ಹೊರಗಿಡಲು ಹೇಳಿತು. ಸರ್ಕಾರ ಆ ವರದಿಯನ್ನು ಒಪ್ಪದೆ 1986ರಲ್ಲಿ ಇಬ್ಬರನ್ನೂ ಸೇರಿಸಿ ಆದೇಶ ಹೊರಡಿಸಿತು. 1990ರಲ್ಲಿ ವರದಿ ಕೊಟ್ಟ ಚಿನ್ನಪ್ಪ ರೆಡ್ಡಿ ಆಯೋಗವೂ ಈ ಎರಡು ಸಮುದಾಯಗಳನ್ನು ಹೊರಗಿಟ್ಟಿತ್ತು.

1992ರ ನವೆಂಬರಿನ ಇಂದ್ರಾ ಸಾಹ್ನಿ ತೀರ್ಪು ಶೇ 50ರ ಮಿತಿಯನ್ನು ಖಾಯಂ ಮಾಡಿ, ಹಿಂದುಳಿದವರಲ್ಲಿ ಮೇಲುಸ್ತರದವರನ್ನು ಬಿಡಬೇಕೆಂದಿತು. 1994ರಲ್ಲಿ ವೀರಪ್ಪ ಮೊಯಿಲಿ ಸರ್ಕಾರ ಒಟ್ಟು ಮೀಸಲಾತಿಯನ್ನು ಶೇ 73ಕ್ಕೆ ಏರಿಸಹೊರಟಾಗ ಸುಪ್ರೀಂ ಕೋರ್ಟ್ ತಡೆಯಿತು. ಆ ವರ್ಷದ ಸೆಪ್ಟೆಂಬರ್ 17ರ ಆದೇಶ ಹಿಂದುಳಿದವರ ಪಾಲನ್ನು ಶೇ 32ಕ್ಕೆ ಇಳಿಸಿತು. ಇಂದಿಗೂ ಪ್ರವೇಶಕ್ಕೆ ಬುನಾದಿಯಾಗಿರುವುದು ಈ ಆದೇಶವೇ.

ಈಗಿನ ಪ್ರವರ್ಗಗಳು

ಪ್ರವರ್ಗ 1ಕ್ಕೆ ಶೇ 4: ಗಂಗಾಮತಸ್ಥರು, ಉಪ್ಪಾರರು, ಗೊಲ್ಲರು, ಪಿಂಜಾರ ಅಥವಾ ನದಾಫರು ಮುಂತಾದವರು. ಇವರಿಗೆ ಸೀಟಿಗಾಗಿ ಆದಾಯದ ಮಿತಿ ಇಲ್ಲ.

ಪ್ರವರ್ಗ 2ಎಗೆ ಶೇ 15: ಕುರುಬರು, ಮಡಿವಾಳರು, ವಿಶ್ವಕರ್ಮರು, ನೇಕಾರರು, ಗಾಣಿಗರು, ಹಡಪದರು ಮುಂತಾದವರು.

ಪ್ರವರ್ಗ 2ಬಿಗೆ ಶೇ 4: ಮುಸ್ಲಿಮರು.

ಪ್ರವರ್ಗ 3ಎಗೆ ಶೇ 4: ಒಕ್ಕಲಿಗರು ಮುಂತಾದವರು. ಹಾವೇರಿ ಕಡೆ ಇವರ ಸಂಖ್ಯೆ ಕಡಿಮೆ.

ಪ್ರವರ್ಗ 3ಬಿಗೆ ಶೇ 5: ವೀರಶೈವ-ಲಿಂಗಾಯತರು, ಮರಾಠರು, ದಿಗಂಬರ ಜೈನರು, ಕ್ರೈಸ್ತರು ಮುಂತಾದವರು.

ಪ್ರವರ್ಗ 2 ಮತ್ತು 3ರವರಿಗೆ ಕುಟುಂಬದ ವಾರ್ಷಿಕ ಆದಾಯ ರೂ. 8 ಲಕ್ಷದ ಒಳಗಿರಬೇಕು. ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ ಶೇ 3 ಎಂದಿದ್ದ ಪ್ರಮಾಣ 2022ರಲ್ಲಿ ಕ್ರಮವಾಗಿ 17 ಮತ್ತು 7ಕ್ಕೆ ಏರಿತು. ಈ ಲೆಕ್ಕದಲ್ಲಿ ನೂರು ಸೀಟುಗಳಲ್ಲಿ 56 ಮೀಸಲು, 44 ಸಾಮಾನ್ಯ.

ಸೀಟು ಹಂಚಿಕೆಯಾಗುವ ಬಗೆ

ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿ ಮುಂತಾದ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ನಡೆಸುತ್ತದೆ. ವೈದ್ಯಕೀಯ ಸೀಟುಗಳಿಗೆ ನೀಟ್ ಅಂಕಗಳೇ ಆಧಾರ. ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟುಗಳಿಗಷ್ಟೇ ಮೀಸಲಾತಿ ಅನ್ವಯ; ಆಡಳಿತ ಮಂಡಳಿಯ ಸೀಟುಗಳಿಗಿಲ್ಲ.

ಕಟಾಫ್ ಪಟ್ಟಿ ಬಿಡಿಸಿ ನೋಡಿದರೆ ಈ ವ್ಯವಸ್ಥೆಯ ಒಳಗುಟ್ಟು ತಿಳಿಯುತ್ತದೆ. ಪ್ರತಿ ಕೋರ್ಸಿನ ಎದುರು ಜಿಎಂ (ಜನರಲ್ ಮೆರಿಟ್), ಜಿಎಂಆರ್, ಜಿಎಂಕೆ, 1ಜಿ, 1ಆರ್, 1ಕೆ, 2ಎಜಿ, 2ಎಆರ್, 2ಎಕೆ, 3ಬಿಜಿ, 3ಬಿಆರ್, ಎಸ್‌ಸಿಜಿ, ಎಸ್‌ಟಿಆರ್ ಎಂಬ ಸಾಲುಸಾಲು ಮನೆಗಳಿರುತ್ತವೆ. ಮೊದಲ ಭಾಗ ಪ್ರವರ್ಗ. ಕೊನೆಯಲ್ಲಿ ‘ಜಿ’ ಇದ್ದರೆ ಆ ಪ್ರವರ್ಗದ ಸಾಮಾನ್ಯ ಸೀಟು, ‘ಆರ್’ ಇದ್ದರೆ ಗ್ರಾಮೀಣ, ‘ಕೆ’ ಇದ್ದರೆ ಕನ್ನಡ ಮಾಧ್ಯಮ. ಪ್ರತಿ ಪ್ರವರ್ಗದ ಒಳಗೂ ಶೇ 15 ಗ್ರಾಮೀಣರಿಗೆ, ಶೇ 5 ಕನ್ನಡ ಮಾಧ್ಯಮದವರಿಗೆ. ನೂರು ಸೀಟಿರುವ ಕಡೆ 2ಎಗೆ ಸಿಗುವ 15ರಲ್ಲಿ ಸುಮಾರು ಎರಡು ‘ಆರ್’, ಒಂದು ‘ಕೆ’ ಆಗುತ್ತವೆ.

ಜಿಎಂ ಎಂದರೆ ಮೇಲ್ಜಾತಿಯ ಕೋಟಾ ಎಂಬ ತಪ್ಪು ತಿಳಿವಳಿಕೆ ಊರಕಡೆ ಬಹಳ. ಜಿಎಂ ಸೀಟು ಎಲ್ಲರದು. ಹಿರೇಕೆರೂರಿನ ಕುರುಬರ ಹುಡುಗಿಯೊಬ್ಬಳಿಗೆ ಒಳ್ಳೆಯ ರ್‍ಯಾಂಕ್ ಬಂದರೆ ಅವಳಿಗೆ ಮೊದಲು ಜಿಎಂನಲ್ಲೇ ಸೀಟು ನೋಡಲಾಗುತ್ತದೆ. ಅಲ್ಲಿ ಸಿಗದಿದ್ದಾಗ 2ಎ ಬಳಕೆಗೆ ಬರುತ್ತದೆ. ಅವಳು ಜಿಎಂನಲ್ಲಿ ಸೀಟು ಪಡೆದರೆ 2ಎ ಸೀಟು ಅವಳಿಗಿಂತ ಹಿಂದಿನ ರ್‍ಯಾಂಕಿನವರಿಗೆ ಉಳಿಯುತ್ತದೆ.

ಗ್ರಾಮೀಣ, ಕನ್ನಡ ಮಾಧ್ಯಮ ಮತ್ತು ಕೃಷಿಕ ಕೋಟಾ

ಈ ನಾಲ್ಕು ತಾಲೂಕುಗಳ ವಿದ್ಯಾರ್ಥಿಗಳಿಗೆ ಜಾತಿಯಷ್ಟೇ ಮುಖ್ಯವಾದ ಅಂಶ ಶಾಲೆ ಇರುವ ಊರು. ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತನೆಯ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಹಾನಗಲ್, ಶಿಗ್ಗಾವಿ, ಸವಣೂರು, ಬಂಕಾಪುರ ಪುರಸಭೆಗಳು; ಹಿರೇಕೆರೂರು ಪಟ್ಟಣ ಪಂಚಾಯಿತಿ. ಇವು ನಗರ ಸ್ಥಳೀಯ ಸಂಸ್ಥೆಗಳಾದ್ದರಿಂದ ಇವುಗಳ ಎಲ್ಲೆಯೊಳಗಿನ ಶಾಲೆಗಳು ಗ್ರಾಮೀಣ ಎನಿಸುವುದಿಲ್ಲ. ಊರಲ್ಲಿ ಏಳನೆಯವರೆಗಷ್ಟೇ ಶಾಲೆಯಿದ್ದು, ಮುಂದಿನ ಮೂರು ವರ್ಷ ಬಸ್ಸು ಹತ್ತಿ ತಾಲೂಕು ಊರಿನ ಹೈಸ್ಕೂಲಿಗೆ ಹೋದ ಹುಡುಗ ಮನೆ, ಹೊಲ ಎಲ್ಲ ಹಳ್ಳಿಯಲ್ಲಿದ್ದರೂ ‘ಆರ್’ ಕಳೆದುಕೊಳ್ಳುತ್ತಾನೆ. ಪಕ್ಕದ ಹಳ್ಳಿಯ ಹೈಸ್ಕೂಲಿಗೆ ಹೋದವನಿಗೆ ಅದು ಉಳಿಯುತ್ತದೆ. ಎಂಟನೆಯ ತರಗತಿಗೆ ಹೆಸರು ಹಚ್ಚುವ ದಿನವೇ ಈ ತೀರ್ಮಾನ ಆಗಿಹೋಗಿರುತ್ತದೆ. ಮನೆಯವರಿಗೆ ಅದು ಗೊತ್ತಾಗುವುದು ಬಹುಮಟ್ಟಿಗೆ ಪಿಯುಸಿ ಮುಗಿದ ಮೇಲೆ.

ಕನ್ನಡ ಮಾಧ್ಯಮದ ಕೋಟಾಕ್ಕೂ ಹತ್ತು ವರ್ಷದ ನಿಯಮವಿದೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದವರು ‘ಆರ್’ ಮತ್ತು ‘ಕೆ’ ಎರಡನ್ನೂ ಕೇಳಬಹುದು.

ಮೂರನೆಯದು ಕೃಷಿಕರ ಕೋಟಾ. ಬಿ.ಎಸ್ಸಿ. ಕೃಷಿ, ತೋಟಗಾರಿಕೆ ಮುಂತಾದ ಪದವಿಗಳಲ್ಲಿ ರೈತರ ಮಕ್ಕಳಿಗೆ ಶೇ 40 ಸೀಟುಗಳಿದ್ದವು. 2021ರಲ್ಲಿ, ಹಿರೇಕೆರೂರಿನ ಶಾಸಕ ಬಿ.ಸಿ. ಪಾಟೀಲ ಕೃಷಿ ಸಚಿವರಾಗಿದ್ದಾಗ, ಇದನ್ನು ಶೇ 50ಕ್ಕೆ ಏರಿಸುವ ತೀರ್ಮಾನವಾಯಿತು. ಈ ಕೋಟಾದವರಿಗೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಬೆಳೆ, ಉಪಕರಣಗಳನ್ನು ಎದುರಿಗಿಟ್ಟು ಗುರುತಿಸಲು ಹೇಳುತ್ತಾರೆ. ಹೊಲದಲ್ಲಿ ಕಲಿತದ್ದಕ್ಕೆ ಅಂಕ ಸಿಗುವ ವಿರಳ ಪ್ರವೇಶ ಪರೀಕ್ಷೆ ಇದು.

ಪ್ರಮಾಣಪತ್ರಗಳು

ಸೀಟು ಕಾಯ್ದಿದ್ದರೂ ಅದನ್ನು ಕೇಳಲು ಕಾಗದ ಬೇಕು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗ), ಕಂದಾಯ ನಿರೀಕ್ಷಕರ ವರದಿ ಬಂದ ಮೇಲೆ ತಹಶೀಲ್ದಾರರ ಸಹಿಯಲ್ಲಿ ಪತ್ರ ಹೊರಡುತ್ತದೆ. ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, ಉಳಿದ ಹಿಂದುಳಿದವರಿಗೆ ನಮೂನೆ ಎಫ್. ಪತ್ರದ ಮೇಲಿನ ಆರ್‌ಡಿ ನಂಬರನ್ನು ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳನ್ನು ಮುಖ್ಯೋಪಾಧ್ಯಾಯರು ಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಹಾಕಬೇಕು. ಎರಡು-ಮೂರು ಶಾಲೆಗಳಲ್ಲಿ ಓದಿದ್ದರೆ ಅಷ್ಟೂ ಶಾಲೆಗಳಿಗೆ ಅಲೆಯಬೇಕು.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದನೆಯ ತರಗತಿಗೆ ಸೇರಿಸುವಾಗ ಬರೆಸಿದ ಜಾತಿಯ ಹೆಸರು ಇಲ್ಲಿ ನಿರ್ಣಾಯಕ. ಕಸುಬಿನಿಂದ ಗಾಣಿಗರೋ ಹಡಪದರೋ ಆಗಿದ್ದು, ಪುಸ್ತಕದಲ್ಲಿ ಬರೀ ‘ಲಿಂಗಾಯತ’ ಎಂದು ಬರೆಸಿದವರು 2ಎ ಪತ್ರಕ್ಕಾಗಿ ಪರದಾಡುವುದು ಈ ಭಾಗದಲ್ಲಿ ಹಳೆಯ ಕಥೆ.

ನದಿಯಾಚೆಯ ನಿಯಮ

2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟುಗಳು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ 8 ಸೀಟುಗಳು ಆ ಭಾಗದವರಿಗೆ ಮೀಸಲು. ಹಾವೇರಿ ಜಿಲ್ಲೆ ಕಿತ್ತೂರು ಕರ್ನಾಟಕದಲ್ಲಿರುವುದರಿಂದ ಈ ಸೌಲಭ್ಯ ಇಲ್ಲಿಲ್ಲ. ತುಂಗಭದ್ರೆಯ ಆಚೆ ದಡದ ಹೂವಿನಹಡಗಲಿಯ ವಿದ್ಯಾರ್ಥಿಗೆ ಇದು ಸಿಗುತ್ತದೆ, ಈಚೆ ದಡದವನಿಗೆ ಸಿಗುವುದಿಲ್ಲ. ನಿಜಾಮರ ರಾಜ್ಯದ ಹಿಂದುಳಿದಿರುವಿಕೆಗೆ ಪರಿಹಾರವಾಗಿ ಬಂದ ವಿಧಿ ಆಗ ಹೂವಿನಹಡಗಲಿ ಸೇರಿದ್ದ ಬಳ್ಳಾರಿ ಜಿಲ್ಲೆಯನ್ನೂ ಒಳಗೊಂಡದ್ದರಿಂದ ಗಡಿ ಹೀಗೆ ಬಿದ್ದಿದೆ.

2022–23ರ ಬದಲಾವಣೆ ಮತ್ತು ವಿವಾದ

2021ರ ಆರಂಭದಲ್ಲಿ ಪಂಚಮಸಾಲಿ ಲಿಂಗಾಯತರು ಬಸವ ಜಯಮೃತ್ಯುಂಜಯ ಸ್ವಾಮೀಜಿ ಅವರ ನೇತೃತ್ವದಲ್ಲಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿ, ತಮ್ಮನ್ನು 2ಎಗೆ ಸೇರಿಸಬೇಕೆಂದು ಒತ್ತಾಯಿಸಿದರು. ಒಕ್ಕಲುತನದ ತಮ್ಮ ಮಕ್ಕಳು 3ಬಿಯ ಶೇ 5ರಲ್ಲಿ ಪೈಪೋಟಿ ನಡೆಸಲಾರರು ಎಂಬುದು ಅವರ ವಾದ. 2ಎಯಲ್ಲಿ ಈಗಾಗಲೇ ಇರುವ ಸಣ್ಣ ಸಮುದಾಯಗಳು ದೊಡ್ಡ ಸಮುದಾಯ ಬಂದರೆ ತಮ್ಮ ಪಾಲು ಕರಗುತ್ತದೆ ಎಂದು ವಿರೋಧಿಸಿದವು. ವಾಲ್ಮೀಕಿ ಸಮುದಾಯ ಪಂಗಡದ ಪಾಲನ್ನು ಶೇ 7ಕ್ಕೆ ಏರಿಸಲು ಬೆಂಗಳೂರಿನಲ್ಲಿ ದೀರ್ಘ ಧರಣಿ ಕೂತಿತು. ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ 2020ರ ವರದಿಯ ಆಧಾರದ ಮೇಲೆ ಆ ಬೇಡಿಕೆ 2022ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ ಈಡೇರಿತು.

2023ರ ಮಾರ್ಚ್ 24ರಂದು ಬೊಮ್ಮಾಯಿ ಸಂಪುಟ 2ಬಿ ಪ್ರವರ್ಗವನ್ನು ತೆಗೆದು, ಅದರ ಶೇ 4ನ್ನು ಒಕ್ಕಲಿಗರ ಹೊಸ 2ಸಿ ಮತ್ತು ಲಿಂಗಾಯತರ ಹೊಸ 2ಡಿ ಪ್ರವರ್ಗಗಳಿಗೆ ತಲಾ ಶೇ 2ರಂತೆ ಹಂಚಿತು. ಮುಸ್ಲಿಮರು ಆರ್ಥಿಕವಾಗಿ ದುರ್ಬಲರ ಶೇ 10ರ ಕೋಟಾಕ್ಕೆ ಹೋಗಬಹುದು ಎಂದಿತು. ಪ್ರವರ್ಗ 1ರಲ್ಲಿದ್ದ ಪಿಂಜಾರರಂಥ ಮುಸ್ಲಿಂ ಗುಂಪುಗಳನ್ನು ಅದು ಮುಟ್ಟಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ಹೊಸ ಆದೇಶದಂತೆ ಸದ್ಯಕ್ಕೆ ಪ್ರವೇಶ, ನೇಮಕಾತಿ ಮಾಡುವುದಿಲ್ಲ ಎಂದು ಸರ್ಕಾರ ಮಾತು ಕೊಟ್ಟಿತು. ಮೇ ತಿಂಗಳ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. ಬೊಮ್ಮಾಯಿ ಶಿಗ್ಗಾವಿಯಿಂದ ಮತ್ತೆ ಗೆದ್ದರು. ಅವರು ಸಂಸದರಾದ ಮೇಲೆ 2024ರ ನವೆಂಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಆಯ್ಕೆಯಾದರು. ಪ್ರವೇಶದಲ್ಲಿ 1994ರ ಪ್ರವರ್ಗಗಳೇ ಮುಂದುವರಿದವು.

ಪರಿಶಿಷ್ಟ ಜಾತಿಯೊಳಗಿನ ಒಳಮೀಸಲಾತಿಯ ಬೇಡಿಕೆ ಇದಕ್ಕಿಂತ ಹಳೆಯದು. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತ್ತು. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ಉಪವರ್ಗೀಕರಣಕ್ಕೆ ಒಪ್ಪಿಗೆ ನೀಡಿದ ನಂತರ, 2025ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಶೇ 17ನ್ನು ಮಾದಿಗರಿರುವ ಎಡಗೈ ಗುಂಪಿಗೆ 6, ಛಲವಾದಿಗಳಿರುವ ಬಲಗೈ ಗುಂಪಿಗೆ 6, ಲಂಬಾಣಿ, ಭೋವಿ, ಕೊರಮ, ಕೊರಚ ಮತ್ತು ಅಲೆಮಾರಿಗಳಿಗೆ 5 ಎಂದು ಹಂಚಲು ತೀರ್ಮಾನಿಸಿತು. ಮಾದಿಗರು, ಛಲವಾದಿಗಳು, ಲಂಬಾಣಿಗಳು ಮೂವರೂ ಇರುವ ಈ ತಾಲೂಕುಗಳಲ್ಲಿ ಒಂದೇ ಸೀಟಿಗೆ ಅಕ್ಕಪಕ್ಕದ ಓಣಿಗಳ ಮಕ್ಕಳು ಪೈಪೋಟಿ ನಡೆಸುತ್ತಿದ್ದ ರೀತಿ ಇದರಿಂದ ಬದಲಾಗಲಿದೆ.

ಬೇರೆ ದೇಶಗಳಲ್ಲಿ

ಅಮೆರಿಕದಲ್ಲಿ ಜನಾಂಗವಾರು ನಿಗದಿತ ಸೀಟುಗಳನ್ನು 1978ರ ಬಕ್ಕಿ ತೀರ್ಪು ತಡೆಯಿತು. ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡುವ ಪದ್ಧತಿಯನ್ನೂ 2023ರ ಜೂನ್‌ನಲ್ಲಿ ಹಾರ್ವರ್ಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊನೆಗಾಣಿಸಿತು. ಟೆಕ್ಸಾಸ್ ರಾಜ್ಯ 1997ರಲ್ಲಿ ಪ್ರತಿ ಹೈಸ್ಕೂಲಿನ ಮೊದಲ ಶೇ 10 ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯದ ಪ್ರವೇಶ ಖಾತ್ರಿಗೊಳಿಸಿತು. ಯಾವ ಊರಿನ ಶಾಲೆ ಎಂಬುದು ಅಲ್ಲಿಯೂ ಮುಖ್ಯವಾಯಿತು. ನಮ್ಮ ಗ್ರಾಮೀಣ ಕೋಟಾಕ್ಕೆ ಅದು ದೂರದ ಸಂಬಂಧಿ. ಭಾರತದಲ್ಲಿ ನಿಗದಿತ ಪಾಲಿಗೆ ಸಂವಿಧಾನದ ಬಲವಿದೆ.

ಪರಿಣಾಮ ಮತ್ತು ಮಿತಿ

ತಾಲೂಕು ಊರುಗಳ ಪದವಿ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ.ಗೆ ವೃತ್ತಿಶಿಕ್ಷಣದಷ್ಟು ಪೈಪೋಟಿ ಇಲ್ಲ. ಅಲ್ಲಿ ಮೀಸಲಾತಿಗಿಂತ ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲ್, ವಿದ್ಯಾಸಿರಿ ಯೋಜನೆಯ ಮಾಸಿಕ ನೆರವು, ವಿದ್ಯಾರ್ಥಿವೇತನ, ಬಸ್ ಪಾಸುಗಳೇ ಓದು ಮುಂದುವರಿಸುವ ಆಸರೆ. ಮೀಸಲಾತಿಯ ನಿಜವಾದ ತೂಕ ಕಾಣುವುದು ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ಪದವಿಗಳಲ್ಲಿ. ಆ ಬಾಗಿಲಿಗೆ ಬರಬೇಕೆಂದರೆ ಪಿಯುಸಿ ವಿಜ್ಞಾನ ಓದಿರಬೇಕು, ಸಿಇಟಿ ಅಥವಾ ನೀಟ್ ತರಬೇತಿ ದಕ್ಕಿರಬೇಕು. ಇವು ಹೆಚ್ಚಾಗಿ ಧಾರವಾಡ, ಹುಬ್ಬಳ್ಳಿ, ದಾವಣಗೆರೆಗಳಲ್ಲಿವೆ. ಪ್ರವರ್ಗದೊಳಗಿನ ಸೀಟು ಆ ಪ್ರವರ್ಗದ ಪೇಟೆಯ ಮಕ್ಕಳಿಗೆ ಮೊದಲು ಸಿಗುತ್ತದೆ ಎಂಬ ದೂರಿಗೆ ಇದೇ ಕಾರಣ.

ಇನ್ನೂ ಕೆಳಗಿನ ಮೆಟ್ಟಿಲು ಸವಣೂರಿನಲ್ಲಿ ಕಂಡಿತ್ತು. 2010ರ ಜುಲೈನಲ್ಲಿ ಮಲ ಹೊರುವ ಕೆಲಸದ ಭಂಗಿ ಸಮುದಾಯದವರು, ತಮ್ಮನ್ನು ಮನೆಗಳಿಂದ ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಪರಿಶಿಷ್ಟ ಜಾತಿಗೆ ಕಾಲೇಜು ಸೀಟು ಕಾಯ್ದಿರಿಸಲು ಅವಕಾಶ ಕೊಟ್ಟ ಸಂವಿಧಾನ ತಿದ್ದುಪಡಿಗೆ ಆಗ ಐವತ್ತೊಂಬತ್ತು ವರ್ಷ ತುಂಬಿತ್ತು. ಇರುವ ಮನೆಯೇ ಕೈಬಿಡುವ ಸ್ಥಿತಿಯಲ್ಲಿದ್ದವರಿಗೆ ಅದು ದೂರದ ಮಾತಾಗಿತ್ತು.

ಅಳತೆಗೋಲಿನ ಪ್ರಶ್ನೆಯೂ ಮುಗಿದಿಲ್ಲ. ರಾಜ್ಯದಲ್ಲಿ 2015ರಲ್ಲಿ ನಡೆದ ಜಾತಿವಾರು ಸಮೀಕ್ಷೆಯ ವರದಿ 2024ರಲ್ಲಿ ಸರ್ಕಾರದ ಕೈಸೇರಿ, ಹಿಂದುಳಿದವರ ಪಾಲನ್ನು ಶೇ 51ಕ್ಕೆ ಏರಿಸಲು ಶಿಫಾರಸು ಮಾಡಿತ್ತು. ಅದರ ಬಗ್ಗೆ ಆಕ್ಷೇಪಗಳೆದ್ದ ಮೇಲೆ 2025ರ ಸೆಪ್ಟೆಂಬರ್ 22ರಿಂದ ಮನೆಮನೆಯ ಹೊಸ ಸಮೀಕ್ಷೆ ಆರಂಭವಾಯಿತು. 1961ರಲ್ಲಿ ನಾಗನಗೌಡ ಸಮಿತಿ ಎಣಿಸಿದ್ದು ಹೈಸ್ಕೂಲಿನ ಮಕ್ಕಳನ್ನು, 1975ರಲ್ಲಿ ಹಾವನೂರು ಆಯೋಗ ಎಣಿಸಿದ್ದು ಎಸ್‌ಎಸ್‌ಎಲ್‌ಸಿ ಪಾಸಾದವರನ್ನು. ಎರಡೂ ಸಲ ಎಣಿಕೆ ಶುರುವಾದದ್ದು ಶಾಲೆಯಿಂದ. ಇಂದು ಈ ನಾಲ್ಕು ತಾಲೂಕುಗಳಲ್ಲಿ ಕಾಲೇಜು ಸೀಟಿನ ಅರ್ಹತೆ ತೀರ್ಮಾನವಾಗುವುದೂ ಒಂದನೆಯ ತರಗತಿಯ ದಾಖಲಾತಿ ಪುಸ್ತಕದಲ್ಲಿ ಬರೆದ ಜಾತಿಯ ಹೆಸರು ಮತ್ತು ಎಂಟನೆಯ ತರಗತಿಗೆ ಸೇರಿದ ಶಾಲೆಯ ಊರಿನಿಂದ.